ನೋವಾದರೆ ಒಳ್ಳೆಯದು ಎಂದಿದ್ದೆ

ಚಿಕ್ಕೋಡಿಯ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಸ್ನಾಯುವಿನ ಪಾಠ ಬಂತೆಂದರೆ ನನಗೆ ಎಲ್ಲಿಲ್ಲದ ಹುರುಪು. ಸ್ನಾಯುವಿನ ಎಳೆಯೊಳಗೆ ಎರಡು ಬಗೆಯ ಪ್ರೋಟೀನ್‌ಗಳು ಒಂದರ ಪಕ್ಕ ಒಂದು ಜಾರುವುದನ್ನು ಎರಡೂ ಕೈಯ ಬೆರಳು ಹೆಣೆದು ತೋರಿಸುತ್ತೇನೆ. ಅದೇ ಹುರುಪಿನಲ್ಲಿ ಮನೆಯಲ್ಲೂ ಪಾಠ ಹೇಳಲು ಹೋದೆ.

ನನ್ನ ತಂಗಿ ಪೊಲೀಸ್ ಭರ್ತಿಯ ಲಿಖಿತ ಪರೀಕ್ಷೆ ಪಾಸಾಗಿದ್ದಳು. ಓಟ ಬಾಕಿ ಇತ್ತು. ಅಷ್ಟರಲ್ಲಿ ಜ್ವರ ಬಂದು ಒಂದು ತಿಂಗಳು ಹಾಸಿಗೆ ಹಿಡಿದಳು. ಎದ್ದಾಗ ಓಟಕ್ಕೆ ಎರಡು ವಾರವೂ ಇರಲಿಲ್ಲ. ಹರೆಯದಲ್ಲಿ ಕುಸ್ತಿ ಹಿಡಿದಿದ್ದ ಅಪ್ಪ ತಾನೇ ಗುರುವಾಗಿ ನಿಂತ. ನಮ್ಮೂರು ಕರೋಶಿಯ ಹೊಲದ ದಾರಿಯಲ್ಲಿ ಉಸಿರುಗಟ್ಟುವ ಹಾಗೆ ಓಡುವುದು, ನಡೆದು ತಿರುಗಿ ಬರುವುದು, ಮತ್ತೆ ಓಡುವುದು. ಮೊದಲ ದಿನವೇ ಇಪ್ಪತ್ತು ಸುತ್ತು, ಅದೂ ಏರುಬಿಸಿಲಿನಲ್ಲಿ. ಅವಳು ನೀರು ಕೇಳಿದರೆ ಅಪ್ಪ ತಂಬಿಗೆ ಹಿಂದಕ್ಕೆ ಸರಿಸಿದ.

"ದಣದಾಗ ನೀರ ಕುಡೀಬಾರದವ್ವಾ, ಎದಿ ಹಿಡಕೊಂತೈತಿ. ತಾಲೀಮಿನ್ಯಾಗ ನಾವು ಹನಿ ನೀರ ಮುಟ್ಟತಿರಲಿಲ್ಲ."

ಇದು ತಪ್ಪು ಎಂದು ನನಗೆ ಗೊತ್ತಿತ್ತು. ಆದರೆ ಕಾಲೇಜಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು, ಮುದುಕನ ಜೊತೆ ಯಾರು ವಾದ ಮಾಡಬೇಕು ಎಂದು ಹೊರಟುಬಿಟ್ಟೆ.

ಮರುದಿನ ಅವಳು ಗೋಡೆ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಅಪ್ಪನನ್ನಲ್ಲ, ನನ್ನನ್ನೇ ಕೇಳಿದಳು.

"ಅಕ್ಕಾ, ತೊಡಿ ಕಲ್ಲ ಆಗ್ಯಾವ. ಕುಂದ್ರಾಕ ಬರವಲ್ದು. ಇವತ್ತ ಬಿಡ್ಲ್ಯಾ?"

"ಹುಚ್ಚಿ, ನೋವಾದ್ರ ಒಳ್ಳೇದ. ಎಳಿ ಒಂಚೂರ ಹರದು ಹೊಸಾ ಪ್ರೋಟೀನ್ ಕೂಡ್ತಾವ. ಆಮ್ಯಾಲ ನೋಡ ನಿನ್ನ ಓಟ," ಎಂದೆ.

ಪೂರ್ತಿ ಸುಳ್ಳೇನಲ್ಲ. ಜೋರಾಗಿ ಓಡುವ ತಾಲೀಮಿನಿಂದ ಎಳೆಗಳೊಳಗೆ ಶಕ್ತಿ ತಯಾರಿಸುವ ಪ್ರೋಟೀನ್‌ಗಳು ಹೆಚ್ಚುತ್ತವೆ. ಆದರೆ ಅದಕ್ಕೆ ವಾರಗಟ್ಟಲೆ ಹೊತ್ತು ಬೇಕು, ನಡುನಡುವೆ ವಿಶ್ರಾಂತಿ ಬೇಕು. ಆ ಅರ್ಧ ಪಾಠವನ್ನು ನಾನು ಹೇಳಲಿಲ್ಲ. ಅವಳು ಅವತ್ತೂ ಓಡಿದಳು.

ಮೂರನೆಯ ದಿನ ಬೆಳಿಗ್ಗೆ ಬಚ್ಚಲಿನಿಂದ ನನ್ನನ್ನು ಕರೆದಳು. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕಿತ್ತು. ಸ್ನಾಯು ಒಡೆದು ಅದರ ಪ್ರೋಟೀನ್ ರಕ್ತಕ್ಕೆ ಇಳಿದಿದೆ, ಈಗ ಕಿಡ್ನಿಗೆ ಬಂದು ಕೂತಿದೆ ಎಂಬುದು ಆ ಬಣ್ಣ ನೋಡಿದ ಕೂಡಲೇ ಹೊಳೆಯಿತು. ಪಕ್ಕದ ಮನೆಯವರ ಗಾಡಿಯಲ್ಲಿ ಚಿಕ್ಕೋಡಿಗೆ ಒಯ್ದೆವು.

ಡಾಕ್ಟರು ಸಲೈನ್ ಹಚ್ಚಿಸಿದರು. "ಎರಡ ದಿನಾ ನೋಡೂಣು. ಕಿಡ್ನಿ ಕೇಳಲಿಲ್ಲಂದ್ರ ಡಯಾಲಿಸಿಸ್ ಮಾಡಬೇಕಾಕೈತಿ," ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಇಷ್ಟ ನೋವಿದ್ರೂ ಓಡು ಅಂತ ಯಾರ ಹೇಳಿದ್ರು?" ಎಂದು ಕೇಳಿದರು.

ಅಪ್ಪ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಾನರೀ ಸಾಹೇಬ್ರ. ನೀರೂ ನಾನ ಕೊಡಲಿಲ್ಲ."

ಎರಡನೆಯ ದಿನದ ನನ್ನ ಮಾತು ಅವನ ಕಿವಿಗೆ ಬಿದ್ದಿರಲೇ ಇಲ್ಲ. ಮಲಗಿದ್ದ ತಂಗಿ ನನ್ನನ್ನು ನೋಡಿದಳು. ನಾನು ಸಲೈನ್ ಬಾಟಲಿಯ ಕಡೆ ಕಣ್ಣು ತಿರುಗಿಸಿದೆ. ನನ್ನ ಪರಿಚಯವಿದ್ದ ಡಾಕ್ಟರು ಎಲ್ಲರ ಮುಂದೆ ಅಪ್ಪನನ್ನು ತರಾಟೆಗೆ ತೆಗೆದುಕೊಂಡರು. "ಮನಿಯಾಗ ಇಷ್ಟ ಓದಿದ ಮಗಳ ಅದಾಳ. ಆಕಿನ್ನರ ಒಂದ ಮಾತ ಕೇಳಬಾರದಿತ್ತೇನ್ರಿ?"

"ಹೌದ್ರಿ, ಕೇಳಬೇಕಿತ್ರಿ," ಎಂದ ಅಪ್ಪ. ನಾಚಿಕೆಯಿಂದ ನಾನು ಭೂಮಿಗೆ ಇಳಿದುಹೋದೆ, ಆದರೂ ಬಾಯಿ ಬಿಡಲಿಲ್ಲ.

ಡಯಾಲಿಸಿಸ್ ಬೇಕಾಗಲಿಲ್ಲ. ಐದನೆಯ ದಿನಕ್ಕೆ ಮೂತ್ರ ತಿಳಿಯಾಯಿತು. ಓಟದ ದಿನ ಅವಳು ಮನೆಯಲ್ಲಿ ಮಲಗಿದ್ದಳು. ವಿಚಾರಿಸಲು ಬಂದವರಿಗೆಲ್ಲ ಅಪ್ಪ ನನ್ನ ಕಡೆ ಕೈ ಮಾಡಿ ಹೇಳುತ್ತಿದ್ದ, ಈಗಲೂ ಹೇಳುತ್ತಾನೆ: "ತಪ್ಪ ನಂದ. ಈಕಿನ್ನ ಕೇಳಿದ್ರ ಹಿಂಗ ಆಗ್ತಿರಲಿಲ್ಲ."