ಅವ್ವ ಚೀಲದ ಹೊಲಿಗೆ ಬಿಚ್ಚಿದ ಮಧ್ಯಾಹ್ನ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿದ ಮಾತು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವಳಲ್ಲ. ಕೂತು ಕೇಳುತ್ತೇನೆ, ನಡುನಡುವೆ ಹೂಂಗುಟ್ಟುತ್ತೇನೆ, ಆಮೇಲೆ ಒಳಗೆ ಹೋಗಿ ನಗುತ್ತೇನೆ. ನಮ್ಮ ಮನೆಯಲ್ಲಿ ಇಂಥ ಕಥೆಗಳಿಗೆ ಬರವಿರಲಿಲ್ಲ. ನನಗೆ ಮಾತು ಕಲಿಸಿದ ಅಜ್ಜಿ ಎಂಥವರೂ ನಂಬುವ ಹಾಗೆ ಹೇಳುತ್ತಿದ್ದಳು. ಹೇಳಿ ಮುಗಿಸಿ, "ಖರೇನೋ ಸುಳ್ಳೋ, ಹೇಳಾಕಂತೂ ಚಂದ ಐತಿ" ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆ ಅಜ್ಜಿಯ ಮೊಮ್ಮಗಳು ನಾನು. ಈಗ ಬರೆಯುತ್ತಿರುವುದನ್ನು ಬೇರೆಯವರ ಬಾಯಿಂದ ಕೇಳಿದ್ದರೆ ನಾನೂ ಅಷ್ಟೇ ಅಂದು ಬಿಡುತ್ತಿದ್ದೆ. ಏನು ಮಾಡಲಿ, ಇದು ನನ್ನ ಮೈಮೇಲೆ ನಡೆದು ಹೋದದ್ದು.

ನನ್ನ ತವರು ಬ್ಯಾಡಗಿ, ಗಂಡನ ಮನೆ ಹಾವೇರಿ. ಮೊಬೈಲ್ ಫೋನು ಇನ್ನೂ ದೊಡ್ಡ ವ್ಯಾಪಾರಸ್ಥರ ಕಿಸೆಯಲ್ಲಿ ಮಾತ್ರ ಕಾಣುತ್ತಿದ್ದ ಕಾಲ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಕುಬುಸದ ಶಾಸ್ತ್ರ ಮುಗಿದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಬಂದಳು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆದರೆ ದಿನ ತುಂಬುತ್ತ ಬಂದ ಹೊತ್ತಿಗೆ ಸರಿಯಾಗಿ ಊರಿಗೆ ಮೆಣಸಿನಕಾಯಿ ಸುಗ್ಗಿ ಬಂತು.

ಬ್ಯಾಡಗಿಯ ಕಾಯಿ ನಾಲಿಗೆಗೆ ಅಂಥ ಖಾರವೇನಲ್ಲ, ಅದು ಬಣ್ಣಕ್ಕೆ ಹೆಸರಾದದ್ದು. ಆದರೆ ರಾಶಿ ಬಿದ್ದು ಅದರ ಧೂಳು ಎದ್ದಿತೆಂದರೆ ಮೂಗು, ಗಂಟಲು, ಕಣ್ಣು ಯಾವುದನ್ನೂ ಬಿಡುವುದಿಲ್ಲ. ಅಪ್ಪನದು ಸಣ್ಣ ಮೆಣಸಿನಕಾಯಿ ವ್ಯಾಪಾರ. ನಮ್ಮ ಪಡಸಾಲೆಯೇ ಗೋದಾಮು. ಒಂದು ಕಡೆ ಕೂತು ತೊಟ್ಟು ಮುರಿಯುವ ಹೆಂಗಸರು, ಇನ್ನೊಂದು ಕಡೆ ಬಾಯಿಗೆ ಸುತಳಿ ಹೊಲಿಗೆ ಹಾಕಿ ಸೂರಿನವರೆಗೆ ಪೇರಿಸಿದ ಚೀಲಗಳು. ಅದರಲ್ಲೇ ಹುಟ್ಟಿ ಬೆಳೆದ ನನಗೆ ಆ ಘಾಟು ಎಂದೂ ಘಾಟು ಅನ್ನಿಸಿರಲಿಲ್ಲ. ಬಸುರಿಯಾದ ಮೇಲೆ ಮೂಗೇ ಬೇರೆಯಾಗಿಬಿಟ್ಟಿತ್ತು. ಪಡಸಾಲೆಗೆ ಕಾಲಿಟ್ಟರೆ ಸಾಕು, ಸಾಲು ಸಾಲು ಸೀನು. ಒಂದೊಂದು ಸೀನಿಗೂ ಹೊಟ್ಟೆ ಕಲ್ಲಿನಂತೆ ಬಿಗಿಯುತ್ತಿತ್ತು. ತೊಟ್ಟು ಮುರಿಯುವವರು, "ಗಂಡನ ಮನಿ ಗಾಳಿ ಹತ್ತಿ ತವರುಮನಿ ಮೂಗಿಗೆ ಬ್ಯಾಡಾತೇನವ್ವ?" ಎಂದು ಕಾಡುತ್ತಿದ್ದರು. ಅವ್ವನಿಗೆ ಮಾತ್ರ ನಗು ಬರುತ್ತಿರಲಿಲ್ಲ.

"ಹಿಂಗ ಸೀನಿದ್ರ ದಿನಾ ತುಂಬೂಕಿಂತ ಮೊದಲ ನೀರು ಹೋದಾವು. ಇಲ್ಲಿ ಇರೂದು ಬ್ಯಾಡ," ಎಂದು ಅವಳು ನನ್ನನ್ನು ಮೇಡ್ಲೇರಿಗೆ, ತನ್ನ ಅಕ್ಕನ ಮನೆಗೆ ಕಳಿಸಿದಳು. ಹೊಳೆ ದಂಡೆಯ ಊರು, ಗಾಳಿ ಚೊಕ್ಕ, ಅಲ್ಲಿಂದ ರಾಣೆಬೆನ್ನೂರಿನ ದವಾಖಾನೆಯೂ ದೂರವಲ್ಲ. ಸುಗ್ಗಿಯಲ್ಲಿ ಮನೆ ಬಿಟ್ಟು ಬರಲು ಅವ್ವನಿಗೆ ಆಗುವಂತಿರಲಿಲ್ಲ. ಡಾಕ್ಟರು ಹೇಳಿದ ತಾರೀಖಿಗೆ ಮುಂಚೆಯೇ ಬರುತ್ತೇನೆಂದಳು. ಬಸ್ಸು ಹೊರಟಾಗ ಕಿಟಕಿಗೆ ಕೈ ಹಾಕಿ ನನ್ನ ಗಲ್ಲ ಮುಟ್ಟಲು ನೋಡಿದವಳು, ಬೆರಳಿಗೆ ಖಾರ ಹತ್ತಿದ್ದು ನೆನಪಾಗಿ ಕೈ ಹಿಂದೆಗೆದುಕೊಂಡಳು.

ಮೇಡ್ಲೇರಿಯಲ್ಲಿ ದೊಡ್ಡವ್ವ, ದೊಡ್ಡಪ್ಪ ಇಬ್ಬರೇ. ಹಾಸಿಗೆಯಿಂದ ಏಳಲು ಬಿಡದ ಹಾಗೆ ನೋಡಿಕೊಂಡರು. ಆದರೆ ಆ ಕೊನೆಯ ದಿನಗಳ ಬವಣೆ ಯಾರು ನೋಡಿಕೊಂಡರೂ ಅಷ್ಟೇ. ಮಲಗಿದರೆ ಉಸಿರು ಸಾಲದು, ಕೂತರೆ ಸೊಂಟ ನಿಲ್ಲದು. ಕಾಲು ಊದಿ ದೊಡ್ಡಪ್ಪನ ಚಪ್ಪಲಿಯೇ ಗತಿಯಾಗಿತ್ತು. ನನ್ನ ಮೈ ನನ್ನದಲ್ಲ, ಒಳಗಿರುವವರಿಗೆ ಬಾಡಿಗೆಗೆ ಕೊಟ್ಟ ಮನೆ ಎನಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವ್ವ ಬೇಕಿತ್ತು. ಮದುವೆಯಾಗಿ ಹೋದಾಗಲೂ ಅಷ್ಟು ಬೇಕೆನಿಸಿರಲಿಲ್ಲ.

ತಾರೀಖು ಇನ್ನೂ ದೂರವಿತ್ತು. ಒಂದು ಬೆಳಿಗ್ಗೆ ದೊಡ್ಡವ್ವ ಹಿಂದೆ ಕೂತು ನನ್ನ ಜಡೆ ಹಾಕುತ್ತಿದ್ದಾಗ ಕೂತ ಚಾಪೆಯೆಲ್ಲ ಒದ್ದೆಯಾಯಿತು. ದೊಡ್ಡವ್ವ ಜಡೆಯನ್ನು ಅರ್ಧಕ್ಕೇ ಬಿಟ್ಟು ಕೂಗಿದಳು: "ಏನ್ರೀ, ಗಾಡಿ ತರ್ರಿ ಲಗೂನ! ನೀರು ಹೋದುವು!" ದೊಡ್ಡಪ್ಪ ಯಾರದೋ ಟ್ರ್ಯಾಕ್ಸ್ ಹಿಡಿದು ತಂದರು. ರಾಣೆಬೆನ್ನೂರಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಸೇರಿಸಿದರು.

ನೋವು ಬಂದಿತು, ಹೆಚ್ಚಿತು, ಆಮೇಲೆ ಹೆರಿಗೆ ಒಂದು ಕಡೆ ನಿಂತುಬಿಟ್ಟಿತು. ನೋವು ನಿಲ್ಲಲಿಲ್ಲ, ಕೂಸು ಮುಂದೆ ಸರಿಯುವುದು ನಿಂತಿತು. ಬಿಸಿಲು ನೆತ್ತಿಗೆ ಬಂದರೂ ಅಲ್ಲೇ. ಡಾಕ್ಟರು ಒಳ್ಳೆಯವರು, ಹೆಂಗಸು, ನನ್ನ ತಲೆ ಸವರುತ್ತಲೇ ಇದ್ದರು. ಆದರೆ ಅವರ ಮುಖ ಹೊತ್ತು ಹೋದಂತೆ ಸಣ್ಣದಾಗುತ್ತ ಬಂತು. ಅರಿವಳಿಕೆ ಕೊಡುವ ಡಾಕ್ಟರು ಆವತ್ತು ಪರಊರಿಗೆ ಹೋಗಿದ್ದರು, ಅವರಿಲ್ಲದೆ ಆಪರೇಷನ್ ಮಾಡುವಂತಿಲ್ಲ. ಬಾಗಿಲ ಹೊರಗೆ ನಿಂತು ಹೆರಿಗೆ ಡಾಕ್ಟರು ದೊಡ್ಡಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. "ಕೂಸಿನ ಎದಿ ಬಡಿತ ಇಳಿಯಾಕತ್ತೈತ್ರಿ. ದಾವಣಗೆರಿಗೆ ಒಯ್ಯೂದ ಚಲೋ. ದಾರ್‍ಯಾಗ ಏನಾಗ್ತತಿ ಅಂತ ಮಾತ್ರ ನಾ ಹೇಳಲಾರೆ." ದೊಡ್ಡಪ್ಪ ಗಾಡಿಯವನಿಗೆ ತಯಾರಿರಲು ಹೇಳಿದರು.

ನಮ್ಮ ಮನೆತನದ ಹಳಬರಲ್ಲಿ ಒಂದು ನಂಬಿಕೆಯಿತ್ತು. ಹೆರಿಗೆ ತಡೆದು ನಿಂತರೆ ಬಸುರಿಯ ತವರುಮನೆಯಲ್ಲಿ ಮುಚ್ಚಿದ್ದನ್ನೆಲ್ಲ ತೆರೆಯಬೇಕು. ಕೀಲಿ ತೆಗೆಯಬೇಕು, ಗಂಟು ಬಿಚ್ಚಬೇಕು, ಡಬ್ಬಿಗಳ ಮುಚ್ಚಳವನ್ನೂ ಬಿಡಬಾರದು. ದೊಡ್ಡವ್ವ ಅದನ್ನೇ ಹಿಡಿದಳು.

"ಬ್ಯಾಡಗಿಗೆ ಫೋನ್ ಹಚ್ಚರಿ. ಎಲ್ಲಾ ತಗೀ ಅಂತ ನನ್ನ ತಂಗಿಗೆ ಹೇಳ್ರಿ."

"ಬ್ಯಾಡಗ್ಯಾಗ ಕೀಲಿ ತಗದ್ರ ಇಲ್ಲಿ ಬಾಗಲಾ ತಗೀತತೇನ? ಸುಮ್ಕ ಕುಂದ್ರು."

"ನಿಮ್ಮವ್ವ ನಿಮ್ಮನ್ನ ಹಡಿಯೂಮುಂದನೂ ಯಾರೋ ಹಿಂಗ ವಾದಾ ಹಾಕಿರಬೇಕು. ಅದಕ್ಕ ಇಷ್ಟು ಅಡ್ಡಡ್ಡ ಆಗೀರಿ. ಹೋಗ್ರಿ ಮೊದಲ!"

ನನ್ನ ಪಕ್ಕದಲ್ಲಿದ್ದ ನರ್ಸು ಅಂಥದ್ದರಲ್ಲೂ ನಕ್ಕಳು. ದೊಡ್ಡಪ್ಪ ಫೋನಿನ ಅಂಗಡಿಗೆ ಹೋಗಿ ಎಷ್ಟೋ ಹೊತ್ತಿನ ಮೇಲೆ ಬಂದರು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಅಂಗಡಿಗೆ ಮಾಡಿ ಕರೆಯಿಸಬೇಕಿತ್ತು. ಆ ಅಂಗಡಿಯ ಲೈನೇ ಸತ್ತಿತ್ತು. "ಹತ್ತಲಿಲ್ಲ," ಎಂದರು. ಇದನ್ನು ಓದುವವರು ದಯವಿಟ್ಟು ನೆನಪಿಡಬೇಕು: ಆ ಹೊತ್ತಿಗೆ ನನಗೆ ನೋವು ಶುರುವಾದ ಸುದ್ದಿ ಕೂಡ ಬ್ಯಾಡಗಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಾನು ಸೋತಿದ್ದೆ. "ತಂಗಿ, ಇನ್ನೊಂದ ಸಲ ಜೋರ ಹಾಕು," ಎಂದು ಡಾಕ್ಟರು ಹೇಳಿದರೆ, "ಆಗೂದಿಲ್ರಿ," ಎನ್ನುವುದಕ್ಕೂ ತುಟಿ ಅಲ್ಲಾಡುತ್ತಿರಲಿಲ್ಲ. ಒಳಗಿನ ಜೀವ ಸೊರಗುತ್ತಿದೆ ಎಂದು ಗೊತ್ತಿದೆ, ಅದನ್ನು ಹೊರಗೆ ತರಬೇಕಾದವಳು ನಾನೊಬ್ಬಳೇ ಎಂದೂ ಗೊತ್ತಿದೆ, ಮೈಯಲ್ಲಿ ಮಾತ್ರ ಏನೂ ಉಳಿದಿಲ್ಲ. ಬಾವಿಗೆ ಬಿದ್ದವರನ್ನು ಮೇಲೆ ನಿಂತು ನೋಡಿದ ಹಾಗೆ ನನ್ನನ್ನೇ ನಾನು ನೋಡುತ್ತಿದ್ದೆ. ಅವ್ವನ ಮೇಲೆ ಸಿಟ್ಟು ಬಂತು. ಯಾಕೆ ಕಳಿಸಿದಳು, ಯಾಕೆ ಬರಲಿಲ್ಲ ಎಂದು.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಆಗಲೇ ವಾಸನೆ ಬಂದದ್ದು.

ಆ ಕೋಣೆಯಲ್ಲಿ ಬೆಳಗಿನಿಂದ ಇದ್ದದ್ದು ಫಿನಾಯಿಲಿನ ವಾಸನೆ ಒಂದೇ. ಅದರ ನಡುವೆ ಒಣ ಮೆಣಸಿನಕಾಯಿಯ ಘಾಟು, ಮೊದಲು ಎಳೆಯಷ್ಟು, ಆಮೇಲೆ ಮುಖಕ್ಕೆ ರಾಚುವಷ್ಟು. ಸಾಯುವ ಮುಂಚೆ ತವರು ನೆನಪಾಗುತ್ತಿದೆ ಎಂದೇ ತಿಳಿದೆ. ಅಷ್ಟರಲ್ಲಿ ನರ್ಸು ಸೀನಿದಳು. ಮತ್ತೆ ಸೀನಿದಳು. "ಯವ್ವಾ, ಯಾರ್ರೀ ಅದು ಮೆಣಸಿನಕಾಯಿ ಒಳಗ ತಂದಾರು!" ಎಂದು ಕೂಗಿದಳು. ಡಾಕ್ಟರು ಮೊಣಕೈ ಮಡಚಿ ಮೂಗಿಗೆ ಒತ್ತಿಕೊಂಡರು. ನನಗೆ ಸೀನು ಶುರುವಾಯಿತು. ತಡೆಯುವ ಶಕ್ತಿ ಎಲ್ಲಿತ್ತು? ಒಂದರ ಬೆನ್ನಿಗೆ ಒಂದು, ಹೊಟ್ಟೆಯ ತಳದಿಂದ, ಇಡೀ ಮೈ ಮುರಿದು ಬೀಳುವ ಹಾಗೆ. ನಾನು ಹಾಕಲಾರದ ಜೋರನ್ನು ಆ ಸೀನುಗಳು ಹಾಕಿದವು. ಒಳಗೆ ಏನೋ ಜರುಗಿತು. "ತಲಿ ಬಂತು! ತಡೀರಿ, ಗಾಡಿ ಬ್ಯಾಡ!" ಎಂದು ಡಾಕ್ಟರು ಕೂಗಿದ್ದು ಕೇಳಿಸಿತು.

ನನ್ನ ಮಗಳು ನೀಲಿಯಾಗಿ ಹುಟ್ಟಿದಳು. ಅಳಲಿಲ್ಲ. ಅವಳನ್ನು ತಲೆಕೆಳಗು ಹಿಡಿದರು, ಬೆನ್ನು ತಿಕ್ಕಿದರು, ಬಾಯಿಂದ ಏನೋ ಎಳೆದರು. ಆಮೇಲೆ ಬೆಕ್ಕಿನ ಮರಿಯಂಥ ಒಂದು ದನಿ ಬಂತು.

ಉಸಿರು ತಿರುಗಿ ಬಂದ ಮೇಲೆ ನೋಡಿದರೆ ಕೋಣೆಯಲ್ಲಿ ಮತ್ತೆ ಬರೀ ಫಿನಾಯಿಲು. ನರ್ಸು ಮಂಚದ ಕೆಳಗೆ ಬಗ್ಗಿ ನೋಡಿದಳು, ನಮ್ಮ ಚೀಲ ತಡಕಿದಳು. ಏನೂ ಇರಲಿಲ್ಲ. ಬಾಗಿಲ ಹೊರಗೇ ಕೂತಿದ್ದ ದೊಡ್ಡವ್ವನಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಡಾಕ್ಟರು ಕೈ ತೊಳೆಯುತ್ತ, "ಹಿಂದಿನ ಮನ್ಯಾಗ ಒಗ್ಗರಣಿ ಹಾಕಿರಬೇಕು ಬಿಡ್ರಿ," ಎಂದರು.

ಮಧ್ಯಾಹ್ನ ಸರಿದ ಮೇಲೆ ಫೋನು ಹತ್ತಿತು. ಹೊತ್ತು ಮುಳುಗುವ ಮೊದಲೇ ಅವ್ವ, ಅಪ್ಪ ಬಂದರು. ಅವ್ವ ಮಗುವಿನ ಕಡೆಗೆ ಕೈ ಚಾಚಿದಳು. ಆ ಕೈ ನೋಡಿ ದೊಡ್ಡವ್ವ ಬೆಚ್ಚಿ ತಡೆದಳು. ಬೆರಳುಗಳೆಲ್ಲ ಕೆಂಪಗೆ ಬಾತು, ಸುಟ್ಟ ಹಾಗಿದ್ದವು. ಸುತಳಿ ಕೊಯ್ದ ಗಾಯಗಳಲ್ಲಿ ಖಾರ ಹೊಕ್ಕಿತ್ತು.

"ನಿಮ್ಮ ತಂಗಿಗೆ ಏನ ಹೊಕ್ಕಿತ್ತೋ ಕೇಳ್ರಿ," ಎಂದು ಅಪ್ಪ ಶುರು ಮಾಡಿದರು. ಮೊಮ್ಮಗಳನ್ನು ಕಂಡ ಸಂತೋಷದಲ್ಲೂ ಅವರ ಸಿಟ್ಟು ಇಳಿದಿರಲಿಲ್ಲ. "ಉಂಡು ಕುಂತಾಕಿ ಒಮ್ಮಿಗೆಲೆ ಎದ್ಲು. ಟ್ರಂಕಿನ ಕೀಲಿ ತಗದ್ಲು, ಡಬ್ಬಿ ಎಲ್ಲಾ ತಗದ್ಲು, ಕರುವಿನ ಹಗ್ಗಾ ಬಿಚ್ಚಿದ್ಲು. ಆಮ್ಯಾಲ ಈಳಿಗಿ ತಗೊಂಡು ಚೀಲದ ಹೊಲಿಗಿ ಹರಿಯಾಕ ನಿಂತ್ಲು. ನಾಳಿ ಮಾರ್ಕೆಟ್ಟಿಗೆ ಹೋಗೂ ಮಾಲು! ಹಿಡಿಯಾಕ ಹ್ವಾದ್ರ ನನ್ನನ್ನ ನೂಕಿದ್ಲು. ಧೂಳಿಗೆ ಹೆಣ್ಮಕ್ಕಳೆಲ್ಲಾ ಸೀನಕೋತ ಓಣಿಗೆ ಓಡಿದ್ರು."

ಅದು ಯಾವ ಹೊತ್ತು ಎಂದು ದೊಡ್ಡವ್ವ ಕೇಳಿದಳು. ಹೆಂಗಸರು ಊಟ ಮುಗಿಸಿ ಮತ್ತೆ ಕೆಲಸಕ್ಕೆ ಕೂತ ಹೊತ್ತು ಎಂದರು ಅಪ್ಪ. ನನಗೆ ವಾಸನೆ ಬಂದದ್ದೂ ಸುಮಾರು ಆಗಲೇ. ದೊಡ್ಡಪ್ಪ ಯಾರ ಮುಖವನ್ನೂ ನೋಡದೆ ಎದ್ದು ಹೊರಗೆ ಹೋದರು.

ನಾನು ಅವ್ವನನ್ನೇ ಕೇಳಿದೆ. ನನ್ನ ಕನಸು ಬಿತ್ತೇ, ನಾನು ಕರೆದದ್ದು ಕೇಳಿಸಿತೇ ಎಂದು. ಅವಳು ತಲೆಯಾಡಿಸಿದಳು. "ಇಲ್ಲವ್ವ. ಸುಳ್ಳ್ಯಾಕ ಹೇಳ್ಲಿ, ಆಗ ನಿನ್ನ ನೆನಪ ಇರಲಿಲ್ಲ ನನಗ. ಮನ್ಯಾಗ ಉಸಿರು ಸಿಗವಲ್ದಂಗಾತು. ಎಲ್ಲಾ ಬಿಗಿದಂಗ. ತಗದೆ, ಅಷ್ಟ."

ನನ್ನ ಗಂಡ ಶಾಲೆಯಲ್ಲಿ ವಿಜ್ಞಾನ ಹೇಳುವವರು. ಹಾವೇರಿಯಿಂದ ಬಂದು ಎಲ್ಲ ಕೇಳಿ ಸಮಾಧಾನದಿಂದ ಬಿಡಿಸಿ ಹೇಳಿದರು. ಮಗಳ ದಿನ ಹತ್ತಿರ ಬಂದಿದೆ ಎಂಬ ಚಿಂತೆ ತಾಯಿಯ ಮನಸ್ಸಿನಲ್ಲಿ ಇದ್ದೇ ಇರುತ್ತದೆ, ಹಳೆಯ ನಂಬಿಕೆಯೂ ಅಲ್ಲೇ ಇರುತ್ತದೆ, ಒಂದು ಗಳಿಗೆ ಎರಡೂ ಕೂಡಿ ಬಂದಿವೆ. ಇಲ್ಲಿ ಹಿಂದಿನ ಮನೆಯವರು ಒಗ್ಗರಣೆ ಹಾಕಿದ್ದಾರೆ. ಸೀನಿದರೆ ಹೊಟ್ಟೆಗೆ ಒತ್ತಡ ಬೀಳುವುದು ಸಹಜ. ಬಿಡಿ ಬಿಡಿಯಾಗಿ ನೋಡಿದರೆ ಎಲ್ಲವೂ ಸರಿ, ನಾನು ಒಪ್ಪುತ್ತೇನೆ. ಆದರೆ ಒಗ್ಗರಣೆಯ ಘಾಟಿನಲ್ಲಿ ಎಣ್ಣೆ ಇರುತ್ತದೆ. ನನಗೆ ಬಂದದ್ದು ಹೊಲಿಗೆ ಬಿಚ್ಚಿದ ಕೂಡಲೇ ಚೀಲದ ಬಾಯಿಂದ ಏಳುವ ಒಣ ಧೂಳಿನ ವಾಸನೆ. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಇವೆರಡರ ನಡುವೆ ಗೊಂದಲ ಆಗುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಅಜ್ಜಿಯ ಹಾಗೆ ಇದನ್ನೊಂದು ಚೆಂದದ ಕಥೆ ಮಾಡಿ ಹೇಳಿಕೊಂಡು ತಿರುಗುತ್ತಿದ್ದೆನೋ ಏನೋ. ಕೆಲವು ವರ್ಷಗಳ ಮೇಲೆ ನನ್ನ ತಂಗಿಯ ಚೊಚ್ಚಲ ಹೆರಿಗೆ, ಅವಳು ನನ್ನ ಮನೆಗೆ ಬಂದಿದ್ದಾಗ, ಹಾವೇರಿಯ ದೊಡ್ಡ ದವಾಖಾನೆಯಲ್ಲಿ ಆಯಿತು. ಅವಳಿಗೂ ಹೆರಿಗೆ ತಡೆದು ನಿಂತಿತು. ಆ ಹೊತ್ತಿಗೆ ಎಲ್ಲರ ಕೈಗೂ ಮೊಬೈಲು ಬಂದಿತ್ತು, ಅವ್ವನಿಗೆ ತಕ್ಷಣ ತಿಳಿಸಿದೆವು. ಅವಳು ಮನೆಯ ಕೀಲಿಗಳನ್ನೆಲ್ಲ ತೆಗೆದಳು. ಮಳೆಗಾಲ, ಸುಗ್ಗಿಯ ಮಾಲು ಹೋಗಿ ಕೆಲವೇ ಚೀಲ ಉಳಿದಿದ್ದವು. ಅವುಗಳ ಹೊಲಿಗೆಯನ್ನೂ ಹರಿದಳು. ಮೊಳೆ ಹೊಡೆದು ಮುಚ್ಚಿದ್ದ ಹಿತ್ತಲ ಕಿಟಕಿ ಕಿತ್ತಳು. ತನ್ನ ತುರುಬು ಬಿಚ್ಚಿದಳು, ಕೈಗೆ ಕಟ್ಟಿಕೊಂಡಿದ್ದ ದಾರ ಹರಿದಳು. ಈ ಸಲ ಅಪ್ಪ ತಡೆಯಲಿಲ್ಲ, ತಾವೂ ಜೊತೆಗೆ ನಿಂತು ಬಿಚ್ಚಿದರು. ನಾನು ತಂಗಿಯ ತಲೆಯ ಹತ್ತಿರ ಮೂಗರಳಿಸಿ ನಿಂತಿದ್ದೆ. ವಿಜ್ಞಾನದ ಮೇಷ್ಟರ ಹೆಂಡತಿ, ಗಾಳಿಯಲ್ಲಿ ಮೆಣಸಿನಕಾಯಿ ಹುಡುಕುತ್ತ ನಿಂತಿದ್ದೆ. ಏನೂ ಬರಲಿಲ್ಲ. ಆಪರೇಷನ್ ಆಯಿತು, ತಂಗಿ ಉಳಿದಳು, ಗಂಡುಕೂಸು ಉಳಿಯಲಿಲ್ಲ.

ಅವ್ವನಿಗೆ ಈಗ ವಯಸ್ಸಾಗಿದೆ. ತಂಗಿಯ ಮುಂದೆ ಆ ಮಾತು ಎತ್ತುವುದಿಲ್ಲ. ನಾವಿಬ್ಬರೇ ಇದ್ದಾಗ, ಬೇರೆ ಏನೋ ಮಾತಿನ ನಡುವೆ, ಸಣ್ಣ ದನಿಯಲ್ಲಿ ಕೇಳುತ್ತಾಳೆ: "ಆವತ್ತು ನಾ ಯಾವ್ದು ತಗೀದ ಬಿಟ್ಟಿದ್ದೆನೋ, ನಿನಗೇನರ ಗೊತ್ತೈತೇನು?"

"ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲವ್ವ," ಎನ್ನುತ್ತೇನೆ ನಾನು.

"ಹಂಗಾರ ನಿನ್ನ ಮಗಳು ಹೆಂಗ ಬಂದ್ಳು?"

ಆ ಮಧ್ಯಾಹ್ನ ನಡೆದದ್ದು ನಿಜವೆಂದರೆ ತಂಗಿಯ ಕೂಸಿನ ಸಾವಿನ ಭಾರ ಅವಳ ತಲೆಯ ಮೇಲೆ ಬೀಳುತ್ತದೆ. ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ. ಅವಳು ಸೆರಗು ಕೊಡವಿಕೊಂಡು ಎದ್ದು ಒಳಗೆ ಹೋಗುತ್ತಾಳೆ.