ಕೊಂಡಿ ಕಾಣದ ಕೆಂಪು

ಇಳಕಲ್ಲಿನ ನೇಕಾರರ ಮನೆಯ ಆಫ್ರೀನ ಈಗ ಬಾಗಲಕೋಟೆಯ ನವನಗರದಲ್ಲಿ ಅಂಗಡಿ ಇಟ್ಟು, ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಕಟ್ಟಿಕೊಡುತ್ತಾಳೆ. ಮದುವೆಯ ವಿಡಿಯೊ ಮಾಡುವ ಸತ್ಯಬೋಧರು ತಮ್ಮ ಹೊಸ ಕಂಪ್ಯೂಟರಿನೊಳಗೆ ಕೆಂಪು ಬೆಳಕು ಅಲೆಯಂತೆ ಹರಿಯಬೇಕು ಎಂದಿದ್ದರು. ಒಳಗಿನ ಬೆಳಗುವ ಫ್ಯಾನುಗಳು ಒಂದು ಕಂಪನಿಯವು, ದೀಪದ ಪಟ್ಟಿ ಇನ್ನೊಂದರದು. ಎಲ್ಲವನ್ನೂ ಒಂದೇ ಸಾಫ್ಟ್‌ವೇರಿನ ಹಿಡಿತಕ್ಕೆ ತಂದರೂ ಫ್ಯಾನಿನ ಕೆಂಪು ಪಟ್ಟಿಗೆ ಬರುವಷ್ಟರಲ್ಲಿ ಗುಲಾಬಿಯಾಗುತ್ತಿತ್ತು. ಅಲೆಯೂ ಅಲ್ಲೇ ಮುಗ್ಗರಿಸುತ್ತಿತ್ತು.

“ಇಷ್ಟ ಸಾಕ ಬಿಡವಾ, ಯಾರ್ ನೋಡ್ತಾರ?” ಎಂದರು ಸತ್ಯಬೋಧರು.

“ನಾ ನೋಡ್ತೇನಲ್ರಿ!” ಎಂದು ಸಿಡುಕಿದ ಆಫ್ರೀನ ಅವರನ್ನು ಬರಿಗೈಯಲ್ಲಿ ಕಳಿಸಿದಳು. ತಾಯಿ ರಂಜಾನಬಿ ನೇಯ್ದ ಸೀರೆಯ ಕೆಂಪು ಸೆರಗನ್ನು ಪಕ್ಕದಲ್ಲಿ ಹರವಿಕೊಂಡು, ಸಾಫ್ಟ್‌ವೇರಿನ ಅಂಕಿಗಳನ್ನು ನಂಬದೆ, ಕಣ್ಣಳತೆಯಲ್ಲೇ ಎರಡೂ ಬಣ್ಣ ತಿದ್ದಿ ಅಲೆಯ ವೇಗ ಹೊಂದಿಸಿದಳು.

ಮರುದಿನ ರಂಜಾನಬಿ ಅಂಗಡಿಗೆ ಬಂದರು. ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದರಲ್ಲೇ ಆಯುಷ್ಯ ಕಳೆದವರು. ಇನ್ನೊಬ್ಬರ ಕೆಲಸವನ್ನು ಎಂದೂ ಹೊಗಳಿದವರಲ್ಲ. ಸೀರೆ ಪರೀಕ್ಷಿಸುವಂತೆಯೇ ಕಂಪ್ಯೂಟರ್ ಪೆಟ್ಟಿಗೆಯ ಗಾಜಿನ ಮೇಲೆ ಬೆರಳಾಡಿಸುತ್ತ, ಹರಿಯುವ ಬೆಳಕಿನ ಜೊತೆ ಫ್ಯಾನಿನಿಂದ ಪಟ್ಟಿಯವರೆಗೆ ಹೋದರು, ಮತ್ತೆ ಬಂದರು.

“ಕೊಂಡಿ ಎಲ್ಲಿ ಹಾಕೀದಿ?” ಎಂದರು.

“ನೀನ ಹುಡುಕಮ್ಮಾ” ಎಂದಳು ಮಗಳು.

ರಂಜಾನಬಿ ಇನ್ನೊಮ್ಮೆ ಬೆರಳಾಡಿಸಿ ಕೈ ತೆಗೆದರು.

“ಸಿಗವಲ್ದು.”