ಗೇಜಣ್ಣನ ತಪ್ಪು ಅಳತೆ

ಬೀದಿಯವರೆಲ್ಲ ಅವನನ್ನು ಗೇಜಣ್ಣ ಎಂದೇ ಕರೆಯುತ್ತಾರೆ. ಅಳೆಯದೆ ಬಾಯಿಬಿಡುವ ಮನುಷ್ಯನಲ್ಲ. ಬೇರೆ ಮೆಕ್ಯಾನಿಕ್‌ಗಳು ಬಾನೆಟ್ಟಿಗೆ ಕಿವಿಗೊಟ್ಟು, ಪಿಸ್ಟನ್ ಹೋಗಿದೆ ಎಂದು ತೀರ್ಪು ಕೊಟ್ಟು ಕೈತೊಳೆದುಕೊಂಡರೆ, ಇವನು ಗೇಜು ಹಾಕಿ ಒತ್ತಡ ಅಳೆದು, ಮತ್ತೊಮ್ಮೆ ಅಳೆದು, ಟೀ ಕುಡಿದು, ಆಮೇಲೆ 'ನೋಡೋಣ' ಎನ್ನುತ್ತಾನೆ. ಮಗಳು ಹುಟ್ಟಿದಾಗ ಆಸ್ಪತ್ರೆಯ ತಕ್ಕಡಿಯನ್ನು ನಂಬದೆ ಇನ್ನೊಂದು ತಕ್ಕಡಿ ತರಿಸಿದ್ದನೆಂದು ಹೆಂಡತಿ ಇವತ್ತಿಗೂ ನೆಂಟರ ಮುಂದೆ ಆಡಿಕೊಳ್ಳುತ್ತಾಳೆ. ಅವನು ಅಲ್ಲಗಳೆಯುವುದಿಲ್ಲ. ಆ ತಕ್ಕಡಿ ನಿಜವಾಗಿಯೂ ತಪ್ಪು ತೋರಿಸುತ್ತಿತ್ತು ಎನ್ನುತ್ತಾನೆ.

ಅಂಥವನಿಗೆ ಆ ವಾರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತೊಳೆದಿಟ್ಟ ಪಾನಾ, ಸ್ಪ್ಯಾನರುಗಳನ್ನು ಮತ್ತೆ ತೊಳೆಯುತ್ತಿದ್ದ. ಕಾರಣ ಶೆಡ್ಡಿನ ನಡುವೆ ನಿಂತಿತ್ತು: ಭಾವಮೈದುನನ ಕೆಂಪು ಕಾರು. ಎರಡೇ ಸೀಟು, ಟರ್ಬೋ ಎಂಜಿನ್, ವಯಸ್ಸಾದರೂ ಠೀವಿ ಬಿಟ್ಟಿರಲಿಲ್ಲ. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಏರು ಹತ್ತುವಾಗ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಬಲ ಕೂಡಿಸುವಷ್ಟರಲ್ಲಿ ಕಾರು ಸೊರಗುತ್ತಿತ್ತು.

ಮುಂದಿನ ತಿಂಗಳು ಬೆಟ್ಟದ ರಸ್ತೆಯಲ್ಲಿ ಕಾರು ಓಟ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಅದಕ್ಕೆ ಹೆಸರು ಕೊಟ್ಟಾಗಿತ್ತು. ಎಂಜಿನ್ ಗಟ್ಟಿಯಿದ್ದರೆ ಅಕ್ಕನ ಮಗಳು ಓಡಿಸಲಿ, ಸವೆದಿದ್ದರೆ ಗುಜರಿಗೆ ಹೋಗಲಿ, ಭಾವ ಹೇಳಿದ್ದೇ ಕೊನೆಯ ಮಾತು ಎಂದು ಭಾವಮೈದುನ ಕೀ ಕೊಟ್ಟು ಹೋಗಿದ್ದ. ಹೀಗೆ ಮಗಳು ಬೆಟ್ಟ ಹತ್ತುವುದೋ ಬಿಡುವುದೋ ಗೇಜಣ್ಣನ ಒಂದು ಮಾತಿನ ಮೇಲೆ ನಿಂತಿತ್ತು. ಅದೇ ಬೆಟ್ಟದಿಂದ ಹೋದ ವರ್ಷ ಲಾರಿಯ ಮೇಲೆ ಬಂದಿಳಿದ ಒಂದು ಕಾರಿನ ಮುರುಟಿದ ಸ್ಟೀರಿಂಗನ್ನು ಬಿಚ್ಚಿದ್ದು ಅವನೇ. ಅದನ್ನು ಓಡಿಸಿದ್ದ ಹುಡುಗ ಬದುಕಿದ್ದ, ಓಡಾಡಿಕೊಂಡೂ ಇದ್ದ. ಆದರೂ ಆ ಸ್ಟೀರಿಂಗ್ ಕಣ್ಣೆದುರಿನಿಂದ ಸರಿಯುತ್ತಿರಲಿಲ್ಲ.

ಸಂಜೆ ಮಗಳು ಬರುವ ಮೊದಲೇ ಪರೀಕ್ಷೆ ಮುಗಿಸಿಬಿಡೋಣವೆಂದು ಎಂಜಿನ್ ಬಿಸಿ ಮಾಡಿದ. ಪೆಟ್ರೋಲು ಬರದಂತೆ ತಡೆದ, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದ, ಒಂದೊಂದೇ ಸಿಲಿಂಡರಿಗೆ ಗೇಜು ತಿರುಗಿಸಿ ಕೂರಿಸಿ ತಾನೇ ಸ್ಟಾರ್ಟರ್ ಹೊಡೆದ. ನಾಲ್ಕು ಸಿಲಿಂಡರಿನಲ್ಲೂ ಗೇಜಿನ ಮುಳ್ಳು ಇರಬೇಕಾದ ಗೆರೆಗಿಂತ ಎಷ್ಟೋ ಕೆಳಗೆ ನಿಂತಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದಕ್ಕೇ ಒಂಥರಾ ನಾಚಿಕೆಯೂ ಆಯಿತು. ಮತ್ತೊಮ್ಮೆ ಅಳೆಯಲಿಲ್ಲ.

ಮಗಳು ಬಂದಾಗ ಕೈ ಒರೆಸಿಕೊಳ್ಳುತ್ತಲೇ ವಿಷಯ ತಿಳಿಸಿದ. ಪಿಸ್ಟನ್ ರಿಂಗುಗಳು ಸವೆದಿವೆ, ಒತ್ತಡ ಸೋರಿಹೋಗುತ್ತಿದೆ, ಮಾವನಿಗೆ ಇವತ್ತೇ ಹೇಳಿಬಿಡುತ್ತೇನೆ ಎಂದ. ಅವಳು ವಾದಿಸಲಿಲ್ಲ. ಚೀಲ ಕೆಳಗಿಟ್ಟು, ಯಾವ ಸಿಲಿಂಡರಿನಲ್ಲಿ ಎಷ್ಟು ಬಂತೆಂದು ಕೇಳಿದಳು. ಹೇಳಿದ.

"ನಾಲ್ಕೂ ಒಂದೇ ಸಮ ಕಡಿಮೆನಾ?"

"ಹೂಂ."

"ಸವೆತ ಅಂದ್ರೆ ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಮ್ಮಿ ಇರತ್ತೆ, ನಾಲ್ಕು ಜನ ಅಣ್ಣತಮ್ಮಂದಿರು ಒಂದೇ ದಿನ ಮುದುಕರಾಗಲ್ಲ ಅಂತ ನೀನೇ ಹೇಳ್ತಿದ್ಯಲ್ಲಪ್ಪ. ಎಣ್ಣೆ ಹಾಕಿ ನೋಡಿದ್ಯಾ?"

ಸಿಲಿಂಡರಿನೊಳಗೆ ಒಂದಿಷ್ಟು ಎಣ್ಣೆ ಬಿಟ್ಟು ಮತ್ತೆ ಅಳೆಯುವುದು ಅವನ ಪದ್ಧತಿ. ಎಣ್ಣೆ ರಿಂಗಿನ ಸಂದು ಮುಚ್ಚುತ್ತದೆ. ಆಗ ಮುಳ್ಳು ಮೇಲೇರಿದರೆ ಸವೆದದ್ದು ರಿಂಗು, ಏರದಿದ್ದರೆ ತಪ್ಪು ವಾಲ್ವಿನಲ್ಲಿ. ಇಷ್ಟು ವರ್ಷ ಇದನ್ನು ಬಿಟ್ಟವನಲ್ಲ. ಇವತ್ತು ಬಿಟ್ಟಿದ್ದ.

"ಗೇಜು ನೋಡ್ತಿದ್ದೋನು ನೀನು," ಎಂದಳು ಮಗಳು. "ಆಕ್ಸಿಲರೇಟರ್ ಒತ್ತಿ ಹಿಡಿದಿದ್ದು ಯಾರು?"

ಯಾರೂ ಇಲ್ಲ. ಒತ್ತದಿದ್ದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು ಮುಚ್ಚಿಯೇ ಇರುತ್ತದೆ. ಗಾಳಿಯೇ ಒಳಗೆ ಹೋಗದ ಮೇಲೆ ಒತ್ತಡ ಎಲ್ಲಿಂದ ಬರಬೇಕು? ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು.

ಶೆಡ್ಡಿನ ಬಾಗಿಲಲ್ಲಿ ಹೊಲಿಗೆ ಯಂತ್ರದ ಮುಂದೆ ಸೀಟ್ ಕವರ್ ಹೊಲಿಯುತ್ತಿದ್ದ ಹೆಂಡತಿ ಪೆಡಲ್ ನಿಲ್ಲಿಸಿದಳು. "ಭಯ ಇರೋದು ನಿಮಗೆ. ರೋಗ ಮಾತ್ರ ಕಾರಿನ ತಲೆಗೆ ಕಟ್ತಿದೀರ."

ಅವನು ಬೇಕೆಂದು ಮಾಡಿದ್ದಲ್ಲ. ಆದರೆ ಬರೀ ಮರೆವೂ ಅಲ್ಲ. ಪ್ಲಗ್‌ಗಳನ್ನು ಹಾಕಿ, ಎಂಜಿನ್ನನ್ನು ಮತ್ತೆ ಬಿಸಿ ಮಾಡಿ, ಮತ್ತೆ ಬಿಚ್ಚಿದ. ಮಗಳು ಕಾರಿನೊಳಗೆ ಕೂತು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದಳು. ಈ ಸಲ ಮುಳ್ಳು ದಡದಡನೆ ಮೇಲೇರಿತು. ಮೂರು ಸಿಲಿಂಡರು ಸರಿಸಮ, ಒಂದು ಕೂದಲೆಳೆ ಹಿಂದೆ. ಅದಕ್ಕೆ ಎಣ್ಣೆ ಬಿಟ್ಟರೂ ಮುಳ್ಳು ಹೆಚ್ಚೇನೂ ಏರಲಿಲ್ಲ. ಪ್ಲಗ್ಗಿನ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ಸಿಲಿಂಡರಿನ ಗೋಡೆಯ ಮೇಲೆ ಕಾರ್ಖಾನೆಯಲ್ಲಿ ಕೊರೆದ ಅಡ್ಡಗೆರೆಗಳು ಇನ್ನೂ ಉಳಿದಿದ್ದವು. ಸವೆದ ಎಂಜಿನ್ನಿನಲ್ಲಿ ಅವು ಅಳಿಸಿಹೋಗಿರುತ್ತವೆ. ಟರ್ಬೋದ ಚಕ್ರವನ್ನು ಹಿಡಿದು ಹಿಂದೆ ಮುಂದೆ ಎಳೆದ, ಒಂದಿಷ್ಟೂ ಸಡಿಲವಿರಲಿಲ್ಲ.

ಕೊನೆಗೆ ಗಾಳಿಯ ಕೊಳವೆ ಬಿಚ್ಚಿದಾಗ ನಿಜವಾದ ತಪ್ಪು ಸಿಕ್ಕಿತು. ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಸಿಂಪಡಿಸುವ ಎಂಜಿನ್ ಅದು. ಗಾಳಿಯ ವಾಲ್ವ್‌ಗಳಿಗೆ ಪೆಟ್ರೋಲು ತಾಗುವುದೇ ಇಲ್ಲ. ತೊಳೆಯುವವರಿಲ್ಲದೆ ಎಣ್ಣೆಯ ಹಬೆ ಅಲ್ಲೇ ಕೂತು ಸುಡುತ್ತದೆ. ತಳ ಹಿಡಿದ ಹಾಲಿನ ಪಾತ್ರೆಯಂತೆ ವಾಲ್ವ್‌ಗಳ ಬೆನ್ನಿಗೆ ಕರಿ ಹೆಪ್ಪುಗಟ್ಟಿತ್ತು. ಬೆಳಗಿನ ನಡುಕಕ್ಕೂ ಏರಿನ ಸೊರಗಿಗೂ ಅದೇ ಕಾರಣ.

ಭಾವಮೈದುನನಿಗೆ ಫೋನು ಹಚ್ಚಿ ಒಂದೇ ಉಸಿರಿಗೆ ಹೇಳಿದ: ಸವೆತವಿಲ್ಲ, ಕರಿ ಕಟ್ಟಿದೆ, ತೆಗೆಯುತ್ತೇನೆ, ಗಾಡಿ ಗುಜರಿಗೆ ಹೋಗುವಂಥದ್ದಲ್ಲ. ಆ ಕಡೆಯವನು ಸಂತೋಷದಿಂದ ಏನೇನೋ ಹೇಳುತ್ತಿರುವಾಗಲೇ ಫೋನಿಟ್ಟ.

ಆಮೇಲೆ ಮಗಳ ಕಡೆ ತಿರುಗದೆಯೇ, "ಎಂಜಿನ್ ಚೆನ್ನಾಗಿದೆ. ಚೆನ್ನಾಗಿಲ್ದೇ ಇರೋದು ನಾನು," ಎಂದ.

"ಗೊತ್ತಪ್ಪ."

"ಓಟದ ದಿನ ನಾನು ಬರಲ್ಲ. ನೀನು ಹೊರಟ ಮೇಲೆ ಕೆಳಗೆ ನಿಂತು ಸದ್ದು ಕೇಳ್ತಾ ಇರೋದು ನನ್ನ ಕೈಲಾಗಲ್ಲ."

"ಕೆಳಗ್ಯಾಕೆ ನಿಲ್ತೀಯ? ಮೇಲೆ ಹೋಗಿ ನಿಂತ್ಕೋ. ನಾನು ಬರೋದು ಅಲ್ಲಿಗೇ ತಾನೆ?"

ಅವನು ದೀಪವನ್ನು ಹತ್ತಿರ ಎಳೆದುಕೊಂಡು ಮೊದಲ ವಾಲ್ವ್ ಕೆರೆಯತೊಡಗಿದ. ಕರಿ ಕಲ್ಲಿನಂತಿತ್ತು, ಚೂರುಚೂರೇ ಬಿಡುತ್ತಿತ್ತು. ಅರ್ಧಕ್ಕೆ ಎದ್ದು ಮುಂದಿನ ಚಕ್ರ ಅಲುಗಿಸಿ ನೋಡಿ ಬಂದ. ಮತ್ತೆ ಕೂತ. ಮತ್ತೆ ಎದ್ದು, ಬ್ರೇಕ್ ಒಮ್ಮೆ ಒತ್ತು ನೋಡೋಣ ಎಂದು ಮಗಳಿಗೆ ಹೇಳಿದ.